ಖಾಸಗಿ ಕ್ಲೌಡ್‌ನ ಪೌತಿ ಖಾತೆ

ಜಿನೀವಾ ಹೊರವಲಯದ ಸರ್ನ್ ಪ್ರಯೋಗಾಲಯ 2013ರಿಂದ ತನ್ನ ಕಂಪ್ಯೂಟರ್‌ಗಳ ಉಸ್ತುವಾರಿಯನ್ನು ಓಪನ್‌ಸ್ಟ್ಯಾಕ್ ಎಂಬ ತಂತ್ರಾಂಶಕ್ಕೆ ಒಪ್ಪಿಸಿದೆ. ವಿಜ್ಞಾನಿಯೊಬ್ಬರಿಗೆ ಯಂತ್ರ ಬೇಕೆಂದರೆ ಹೊಸ ಪೆಟ್ಟಿಗೆ ತರಿಸಿ ಜೋಡಿಸಬೇಕಿಲ್ಲ. ಕೇಳಿದ ಕೆಲವು ನಿಮಿಷಗಳಲ್ಲಿ ವರ್ಚುವಲ್ ಯಂತ್ರವೊಂದು ಸಿದ್ಧವಾಗುತ್ತದೆ, ಅದರ ಜೊತೆಗೊಂದು ಡಿಸ್ಕ್ ಕೂಡ. ಹೀಗೆ ಹೊರಗಿನ ಕಂಪನಿಯಿಂದ ಬಾಡಿಗೆಗೆ ಪಡೆಯದೆ ಸ್ವಂತ ಕಟ್ಟಡದಲ್ಲೇ ನಡೆಸುವ ವ್ಯವಸ್ಥೆಗೆ ಖಾಸಗಿ ಕ್ಲೌಡ್ ಎನ್ನುತ್ತಾರೆ. ಓಪನ್‌ಸ್ಟ್ಯಾಕ್ 2010ರಲ್ಲಿ ನಾಸಾ ಮತ್ತು ರ‍್ಯಾಕ್‌ಸ್ಪೇಸ್ ಸೇರಿ ಆರಂಭಿಸಿದ ಯೋಜನೆ. ಅದರಲ್ಲಿ ಡಿಸ್ಕ್ ಹಂಚುವ ಭಾಗವನ್ನು 2012ರಲ್ಲಿ ಬೇರೆ ಮಾಡಿ ಸಿಂಡರ್ ಎಂದು ಹೆಸರಿಟ್ಟರು. ಈ ಸಿಂಡರ್‌ನಲ್ಲಿ ಒಂದು ಹೆಸರು ತಪ್ಪಿದರೆ ಏನಾಗುತ್ತದೆ, ಆ ತಪ್ಪನ್ನು ಹೇಗೆ ತೊಳೆಯಬೇಕು ಎಂಬುದು ಇಲ್ಲಿನ ವಿಷಯ.

ಸಿಂಡರ್ ಒಂದೇ ಪ್ರೋಗ್ರಾಂ ಅಲ್ಲ. ಬೇಡಿಕೆಯನ್ನು ಸ್ವೀಕರಿಸುವುದು ಒಂದು ಸೇವೆ, ಯಾವ ಯಂತ್ರದಲ್ಲಿ ಜಾಗವಿದೆ ಎಂದು ನೋಡಿ ನಿರ್ಧರಿಸುವುದು ಶೆಡ್ಯೂಲರ್, ನಿಜವಾಗಿ ಡಿಸ್ಕ್ ಕತ್ತರಿಸಿ ಕೊಡುವುದು ವಾಲ್ಯೂಮ್ ಸೇವೆ (ಹಾಗೆ ಕತ್ತರಿಸಿ ಕೊಟ್ಟ ತುಂಡೇ ವಾಲ್ಯೂಮ್). ಇವು ಬೇರೆ ಬೇರೆ ಯಂತ್ರಗಳಲ್ಲಿ ಕೂತು ಸಂದೇಶಗಳ ಸರತಿಯ ಮೂಲಕ ಮಾತಾಡಿಕೊಳ್ಳುತ್ತವೆ. ಪ್ರತಿ ವಾಲ್ಯೂಮ್ ಸೇವೆಗೂ ಒಂದು ವಿಳಾಸ ಇರುತ್ತದೆ: ಯಂತ್ರದ ಹೆಸರು, ಅದರ ಹಿಂದೆ ಸ್ಟೋರೇಜ್‌ನ ಹೆಸರು. ಆ ವಿಳಾಸ ಬರುವುದು ಕಾನ್ಫಿಗ್ ಫೈಲಿನ ಒಂದೆರಡು ಸಾಲುಗಳಿಂದ.

ಮಾಮೂಲಿ ಏರ್ಪಾಡಿನಲ್ಲಿ ಸೇವೆಯು 10 ಸೆಕೆಂಡಿಗೊಮ್ಮೆ 'ನಾನಿದ್ದೇನೆ' ಎಂದು ಡೇಟಾಬೇಸಿನಲ್ಲಿ ಹೊತ್ತು ನಮೂದಿಸುತ್ತದೆ. 60 ಸೆಕೆಂಡು ದಾಟಿದರೂ ಹೊಸ ನಮೂದು ಬರದಿದ್ದರೆ ಸೇವೆಗಳ ಪಟ್ಟಿಯಲ್ಲಿ ಅದರ ಮುಂದೆ 'ಡೌನ್' ಎಂದು ಬೀಳುತ್ತದೆ. ಅಷ್ಟೇ. ಸಾಲು ಅಳಿಯುವುದಿಲ್ಲ, ವರ್ಷ ಕಳೆದರೂ ಹಾಗೇ ಇರುತ್ತದೆ. ಹೊಸದಾಗಿ ಸೇರಿದ ಎಂಜಿನಿಯರುಗಳಿಗೆ ಇದು ಸೋಮಾರಿತನದಂತೆ ಕಾಣುತ್ತದೆ: ಸತ್ತದ್ದನ್ನು ಸಿಂಡರ್ ತಾನೇ ಏಕೆ ತೆಗೆದುಹಾಕಬಾರದು?

ಏಕೆಂದರೆ ಸತ್ತಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ, ಗೊತ್ತಾಗಲು ಸಾಧ್ಯವೂ ಇಲ್ಲ. ಸಂದೇಶ ತಲುಪಲು ಎಷ್ಟು ಹೊತ್ತು ಹಿಡಿಯಬಹುದೆಂಬ ಮಿತಿಯೇ ಇಲ್ಲದ ಜಾಲದಲ್ಲಿ, ನಿಂತುಹೋದ ಯಂತ್ರಕ್ಕೂ ನಿಧಾನವಾದ ಯಂತ್ರಕ್ಕೂ ಹೊರಗಿನಿಂದ ವ್ಯತ್ಯಾಸ ತಿಳಿಯುವುದಿಲ್ಲ. ಫಿಷರ್, ಲಿಂಚ್, ಪ್ಯಾಟರ್ಸನ್ ಎಂಬ ಮೂವರು 1985ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಮೇಯದ ಬೇರೂ ಇಲ್ಲಿಯೇ ಇದೆ: ಅಂಥ ಜಾಲದಲ್ಲಿ ಒಂದೇ ಒಂದು ಯಂತ್ರ ಕೈಕೊಡಬಹುದೆಂದಾದರೂ ಸಾಕು, ಉಳಿದವು ಖಚಿತವಾಗಿ ಒಮ್ಮತಕ್ಕೆ ಬರುತ್ತವೆ ಎಂಬ ಭರವಸೆ ಕೊಡಲು ಆಗದು. ಕೇಬಲ್ ಕಿತ್ತಿದ್ದರೂ ಡೌನ್, ರಿಪೇರಿಗೆ ನಿಲ್ಲಿಸಿದ್ದರೂ ಡೌನ್. ಗಡಿಯಾರ ತಪ್ಪಿದ್ದರೂ ಡೌನ್! ಹೊತ್ತನ್ನು ನಮೂದಿಸುವುದು ಸೇವೆಯಿರುವ ಯಂತ್ರದ ಗಡಿಯಾರ, ಓದುವುದು ಇನ್ನೊಂದು ಯಂತ್ರದ ಗಡಿಯಾರ. ಮೊದಲನೆಯದು ಎರಡನೆಯದಕ್ಕಿಂತ ಒಂದು ನಿಮಿಷಕ್ಕೂ ಹೆಚ್ಚು ಹಿಂದೆ ಬಿದ್ದರೆ ಗಟ್ಟಿಮುಟ್ಟಾದ ಸೇವೆಯೂ ಪಟ್ಟಿಯಲ್ಲಿ ಬಿದ್ದುಹೋದಂತೆ ತೋರುತ್ತದೆ. ಸ್ವಚ್ಛ ಮಾಡಲು ಹೊರಟವರು ಮೊದಲು ಗಡಿಯಾರಗಳನ್ನು ನೋಡಬೇಕು.

ಈಗ ತಪ್ಪಿನ ಕಥೆಗೆ ಬರೋಣ. ಯಂತ್ರ ಮೊದಲು ಗಿಡ್ಡ ಹೆಸರಿನಲ್ಲಿ ಏಳುತ್ತದೆ. ಆಮೇಲೆ ಯಾರೋ ಅದಕ್ಕೆ ಸಂಸ್ಥೆಯ ಡೊಮೇನ್ ಸೇರಿಸಿ ಪೂರ್ಣ ಹೆಸರು ಕೊಡುತ್ತಾರೆ. ಇಲ್ಲವೇ ಸ್ಟೋರೇಜ್‌ನ ಹೆಸರಲ್ಲಿ ಒಂದಕ್ಷರ ತಿದ್ದುತ್ತಾರೆ. ಸೇವೆ ಮತ್ತೆ ಶುರುವಾದಾಗ ಸಿಂಡರ್‌ನ ಲೆಕ್ಕದಲ್ಲಿ ಅದು ಹೊಚ್ಚಹೊಸ ಸೇವೆ. ಹೊಸ ಸಾಲು ಹುಟ್ಟುತ್ತದೆ, ಹಳೆಯ ಸಾಲು ಡೌನ್ ಆಗಿ ಉಳಿಯುತ್ತದೆ. ಶೆಡ್ಯೂಲರ್ ಡೌನ್ ಇರುವುದನ್ನು ಬಿಟ್ಟು ಹೊಸ ಸೇವೆಗೇ ಕೆಲಸ ಕೊಡುವುದರಿಂದ ಮೇಲ್ನೋಟಕ್ಕೆ ಎಲ್ಲ ಸರಿಯಾಗಿಯೇ ನಡೆಯುತ್ತಿರುತ್ತದೆ. ತೊಂದರೆ ಹಳೆಯ ವಾಲ್ಯೂಮ್‌ಗಳದ್ದು. ಅವುಗಳ ದಾಖಲೆಯಲ್ಲಿ ಹಳೆಯ ವಿಳಾಸವೇ ಇದೆ. ಬಳಕೆದಾರ ಅಂಥದ್ದೊಂದನ್ನು ಅಳಿಸಲು ಹೇಳಿದರೆ ಸಂದೇಶ ಹಳೆಯ ವಿಳಾಸದ ಸರತಿಗೆ ಹೋಗಿ ಬೀಳುತ್ತದೆ. ಅಲ್ಲಿ ಕೇಳುವವರಿಲ್ಲ. 'ಅಳಿಸಲಾಗುತ್ತಿದೆ' ಎಂಬ ಸ್ಥಿತಿಯಲ್ಲಿ ವಾಲ್ಯೂಮ್ ಸಿಕ್ಕಿಕೊಳ್ಳುತ್ತದೆ.

ತಾತ ತೀರಿಕೊಂಡು ವರ್ಷಗಳಾದರೂ ಪಹಣಿಯಲ್ಲಿ ಅವರ ಹೆಸರೇ ಇದ್ದರೆ ಹೊಲ ಎಲ್ಲಿಗೂ ಹೋಗಿರುವುದಿಲ್ಲ, ಮೊಮ್ಮಗ ಉಳುತ್ತಲೇ ಇರುತ್ತಾನೆ. ಆದರೆ ಮಾರಲು, ಸಾಲ ತೆಗೆಯಲು ಹೋದಾಗ ಎಲ್ಲ ನಿಲ್ಲುತ್ತದೆ. ಇಲ್ಲಿಯೂ ಡಿಸ್ಕ್ ಸುರಕ್ಷಿತವಾಗಿದೆ, ಅದನ್ನು ಬಳಸುತ್ತಿರುವ ಯಂತ್ರ ಓಡುತ್ತಲೇ ಇದೆ. ಬೇಕಾಗಿರುವುದು ಪೌತಿ ಖಾತೆ. ಸಿಂಡರ್-ಮ್ಯಾನೇಜ್ ಎಂಬ ಸಾಧನದಲ್ಲಿ ಅದಕ್ಕೆಂದೇ ಆದೇಶವಿದೆ. ಹಳೆಯ ವಿಳಾಸ, ಹೊಸ ವಿಳಾಸ ಎರಡನ್ನೂ ಕೊಟ್ಟರೆ ಹಳೆಯದರ ಹೆಸರಲ್ಲಿರುವ ವಾಲ್ಯೂಮ್‌ಗಳೆಲ್ಲ ಹೊಸದಕ್ಕೆ ವರ್ಗವಾಗುತ್ತವೆ. ಡಿಸ್ಕಿನ ಒಂದು ಬೈಟ್ ಕೂಡ ಅಲುಗಾಡುವುದಿಲ್ಲ. ಎರಡೂ ವಿಳಾಸಗಳ ಹಿಂದಿರುವುದು ಒಂದೇ ಡಿಸ್ಕ್ ಆಗಿರಬೇಕು ಎಂಬುದೊಂದೇ ಷರತ್ತು, ಅದನ್ನು ಪರಿಶೀಲಿಸುವ ಹೊಣೆ ಮನುಷ್ಯನದು.

ಕೆಲಸದ ಕ್ರಮ ಇಲ್ಲಿ ಬಹಳ ಮುಖ್ಯ. ಮೊದಲು ಕಾನ್ಫಿಗ್ ಸರಿಪಡಿಸಿ, ತಪ್ಪು ಹೆಸರಿನಲ್ಲಿ ಓಡುತ್ತಿರುವುದನ್ನು ನಿಲ್ಲಿಸಬೇಕು. ಆಮೇಲೆ ವಾಲ್ಯೂಮ್‌ಗಳ ವರ್ಗಾವಣೆ. ಕೊನೆಗೆ ಹಳೆಯ ಸೇವೆಯ ಸಾಲನ್ನು ತೆಗೆಯುವುದು. ನಿಲ್ಲಿಸದೆಯೇ ತೆಗೆದರೆ ಹೆಚ್ಚು ಹೊತ್ತಾಗುವುದಿಲ್ಲ, ಅದು ಮತ್ತೆ ಹಾಜರು: ಮುಂದಿನ ವರದಿ ಬರೆಯಲು ಹೋದ ಸೇವೆ ತನ್ನ ಸಾಲು ಕಾಣದಾದರೆ ತಾನೇ ಹೊಸ ಸಾಲು ಸೃಷ್ಟಿಸಿಕೊಳ್ಳುತ್ತದೆ. ಬದುಕಿರುವುದನ್ನು ತಪ್ಪಿ ತೆಗೆದರೂ ಹಾನಿಯಾಗದಂತೆ ಮಾಡಿದ ಈ ವಿನ್ಯಾಸ ನನಗೆ ಬಹಳ ಮೆಚ್ಚುಗೆ. ತೆಗೆದ ಸಾಲೂ ಡೇಟಾಬೇಸಿನಿಂದ ಕೂಡಲೇ ಮಾಯವಾಗುವುದಿಲ್ಲ, 'ಅಳಿಸಿದೆ' ಎಂಬ ಗುರುತಿನೊಂದಿಗೆ ಉಳಿಯುತ್ತದೆ. ಇಷ್ಟು ದಿನಕ್ಕಿಂತ ಹಳೆಯದನ್ನು ಪೂರ್ತಿ ಗುಡಿಸು ಎಂದು ಬೇರೆಯೇ ಆದೇಶ ಕೊಡಬೇಕು. ಇಷ್ಟೆಲ್ಲ ಸಾಧನ ಇರುವಾಗ ನೇರವಾಗಿ ಡೇಟಾಬೇಸಿಗೆ ಕೈಹಾಕಿ ಸಾಲು ಕೀಳುವವರನ್ನು ಕಂಡರೆ ನನಗೆ ಆತಂಕವಾಗುತ್ತದೆ. ಸಿಕ್ಕಿಕೊಂಡ ವಾಲ್ಯೂಮ್‌ನ ಸ್ಥಿತಿಯನ್ನು ಬಲವಂತವಾಗಿ 'ಲಭ್ಯ' ಎಂದು ಬದಲಿಸುವುದೂ ಅಷ್ಟೇ ಅಪಾಯಕಾರಿ. ಡಿಸ್ಕನ್ನು ತುಂಡುಗಳಾಗಿ ಹಂಚುವ ಲಿನಕ್ಸ್‌ನ ಎಲ್‌ವಿಎಂ ವ್ಯವಸ್ಥೆಯಲ್ಲಿ, ಮೊದಲೇ ಪೂರ್ತಿ ಜಾಗ ಕಾಯ್ದಿರಿಸಿದ ವಾಲ್ಯೂಮನ್ನು ಅಳಿಸುವಾಗ ಸಿಂಡರ್ ಅದರ ಮೇಲೆಲ್ಲ ಸೊನ್ನೆ ಬರೆಯುವುದು ರೂಢಿ. ಅದು ಅರ್ಧ ಆಗಿರುವಾಗ ಸ್ಥಿತಿ ಬದಲಿಸಿದರೆ ಅರ್ಧ ಸೊನ್ನೆ ತುಂಬಿದ ಡಿಸ್ಕು ಪಟ್ಟಿಯಲ್ಲಿ ಆರೋಗ್ಯವಾಗಿರುವಂತೆ ಕಾಣುತ್ತದೆ.

ಇದಕ್ಕಿಂತ ಕೆಟ್ಟ ತಪ್ಪು ಇನ್ನೊಂದಿದೆ: ಕಾನ್ಫಿಗ್ ಫೈಲ್ ನಕಲು ಮಾಡುವಾಗ ಎರಡು ಯಂತ್ರಗಳಿಗೂ ಒಂದೇ ಹೆಸರು ಬಿದ್ದುಬಿಡುವುದು. ಪಟ್ಟಿಯಲ್ಲಿ ಒಂದೇ ಸಾಲು, ಅದೂ ಚೆನ್ನಾಗಿಯೇ ಇದೆ. ಆದರೆ ಎರಡು ಯಂತ್ರಗಳೂ ಒಂದೇ ಸರತಿಯಿಂದ ಕೆಲಸ ಎತ್ತಿಕೊಳ್ಳುತ್ತವೆ. ಮೊದಲ ಯಂತ್ರದ ಡಿಸ್ಕಿನಲ್ಲಿರುವ ವಾಲ್ಯೂಮನ್ನು ಅಳಿಸುವ ಆದೇಶ ಎರಡನೆಯದರ ಕೈಗೆ ಸಿಗಬಹುದು. ಸಿಂಡರ್‌ನ ಎಲ್‌ವಿಎಂ ಚಾಲಕ (ಡ್ರೈವರ್) ತನ್ನಲ್ಲಿ ಆ ವಾಲ್ಯೂಮ್ ಇಲ್ಲ ಎಂದು ಕಂಡರೆ ಅಳಿಸುವ ಕೆಲಸ ಮುಗಿದಿದೆ ಎಂದೇ ವರದಿ ಮಾಡುತ್ತದೆ. ದಾಖಲೆ ಹೋಯಿತು, ಡಿಸ್ಕಿನ ಜಾಗ ಮಾತ್ರ ಹಾಗೇ ಉಳಿಯಿತು. ಇಂಥ ಅನಾಥ ವಾಲ್ಯೂಮ್‌ಗಳು ಯಾವ ಸೇವಾ ಪಟ್ಟಿಯಲ್ಲೂ ಕಾಣಿಸುವುದಿಲ್ಲ.

ಅವನ್ನು ಹುಡುಕಲು ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಡಬೇಕು: ಯಂತ್ರದ ಡಿಸ್ಕ್ ತೋರಿಸುವ ವಾಲ್ಯೂಮ್‌ಗಳು ಒಂದು ಕಡೆ, ಡೇಟಾಬೇಸ್ ಹೇಳುವವು ಇನ್ನೊಂದು ಕಡೆ. ಪ್ರತಿ ವಾಲ್ಯೂಮ್‌ಗೂ ಸಿಂಡರ್ ಕೊಟ್ಟ ಉದ್ದನೆಯ ಗುರುತುಸಂಖ್ಯೆ ಡಿಸ್ಕಿನ ಮೇಲಿನ ಹೆಸರಲ್ಲೂ ಸೇರಿರುವುದರಿಂದ ಹೋಲಿಕೆ ಕಷ್ಟವಲ್ಲ. ಆದರೂ ಡಿಸ್ಕಿನಲ್ಲಿದ್ದು ದಾಖಲೆಯಲ್ಲಿಲ್ಲ ಎಂದ ಕೂಡಲೇ ಅಳಿಸಬಾರದು, ಯಾವುದೋ ವರ್ಚುವಲ್ ಯಂತ್ರ ಅದನ್ನು ತೆರೆದಿಟ್ಟುಕೊಂಡಿದೆಯೇ ಎಂದು ನೋಡಬೇಕು. ತೆರೆದಿಲ್ಲ ಎಂದು ಖಚಿತವಾದ ಮೇಲೂ ಹೆಸರು ಬದಲಿಸಿ ಕೆಲವು ವಾರ ಹಾಗೇ ಬಿಡುವುದು ಲೇಸು. ಯಾರಾದರೂ ಕೇಳಿಕೊಂಡು ಬಂದರೆ ಹಳೆಯ ಹೆಸರು ಮರಳಿ ಕೊಡಲು ಒಂದೇ ಆದೇಶ ಸಾಕು, ಅಳಿಸಿದ ಮೇಲೆ ಅಷ್ಟು ಸುಲಭದ ದಾರಿ ಇಲ್ಲ.