ಮೂತ್ರಕೋಶಕ್ಕೂ ಬೊಟಾಕ್ಸ್: ಸಂಕೋಚ ಬೇಡ, ಎಚ್ಚರ ಇರಲಿ



ದೆಹಲಿಗೆ ಬಂದು ಎಷ್ಟೇ ವರ್ಷವಾಗಿರಲಿ, ಮೂತ್ರದ ತೊಂದರೆಯನ್ನು ಡಾಕ್ಟರ ಮುಂದೆ ಹಿಂದಿಯಲ್ಲಿ ಹೇಳಬೇಕೆಂದರೆ ನಮ್ಮಲ್ಲಿ ಹಲವರ ನಾಲಿಗೆ ತಡವರಿಸುತ್ತದೆ. ಅದಕ್ಕೇ ಈ ಬಾರಿ ಅದನ್ನು ಕನ್ನಡದಲ್ಲೇ ಮಾತಾಡೋಣ.

ಬೆನ್ನುಹುರಿಗೆ ಪೆಟ್ಟು, ಹುಟ್ಟಿನಿಂದ ಬಂದ ಬೆನ್ನುಹುರಿಯ ದೋಷ, ಕ್ಷಯ ಇವುಗಳಿಂದ ಮೂತ್ರಕೋಶ ಕುಗ್ಗಿ ಬಿಗಿಯಾಗಬಹುದು. ಔಷಧಿಗೆ ಬಗ್ಗದಿದ್ದಾಗ ರೋಗಿಯ ಕರುಳಿನದೇ ಒಂದು ತುಂಡನ್ನು ಹೊಲಿದು ಮೂತ್ರಕೋಶವನ್ನು ದೊಡ್ಡದು ಮಾಡುತ್ತಾರೆ. ಬಿಗಿಯಾದ ರವಿಕೆಗೆ ಬಟ್ಟೆ ಸೇರಿಸಿ ಸಡಿಲ ಮಾಡಿದ ಹಾಗೆ.

ಇಷ್ಟಾದರೂ ಕೆಲವರಿಗೆ ಮತ್ತೆ ಮೂತ್ರ ಸೋರುತ್ತದೆ. ಮೆಟ್ರೋ ಹತ್ತಲು, ಮದುವೆಮನೆಗೆ ಹೋಗಲು ಅಂಜುತ್ತಾರೆ. ಇದು ನಿಮ್ಮ ತಪ್ಪಲ್ಲ. ಉಳಿದ ಮೂತ್ರಕೋಶದ ಸ್ನಾಯು ಹಿಂಡುತ್ತಿರಬಹುದು. ಇಲ್ಲವೇ ಹೊಲಿದ ಕರುಳು ತನ್ನ ಹಳೆಯ ಚಾಳಿ ಬಿಡದಿರಬಹುದು. ಒಳಗಿನ ಒತ್ತಡ ಅಳೆಯುವ ಯುರೋಡೈನಾಮಿಕ್ ಪರೀಕ್ಷೆಯಿಂದ ಕಾರಣ ತಿಳಿಯಬಹುದು.

ಮಾತ್ರೆ ಸೋತಾಗ, ಇನ್ನೊಂದು ಆಪರೇಷನ್ನಿಗೆ ಮುನ್ನ, ಬೊಟಾಕ್ಸ್ ಒಂದು ನಡುದಾರಿ. ಹೌದು, ಸುಕ್ಕು ತೆಗೆಯುವ ಅದೇ ಬೊಟಾಕ್ಸ್! ಕೆಟ್ಟ ಆಹಾರದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷವಿದು. ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟರೆ 'ಹಿಂಡು' ಎಂದು ನರ ಕಳಿಸುವ ಸಂದೇಶವನ್ನು ತಡೆಯುತ್ತದೆ. ಮೂತ್ರನಾಳದ ಮೂಲಕ ದುರ್ಬೀನು ಇಳಿಸಿ, ಹಲವು ಕಡೆ ಚುಚ್ಚುತ್ತಾರೆ. ಸಾಮಾನ್ಯವಾಗಿ ಎರಡು ವಾರದೊಳಗೆ ಗುಣ ಕಾಣುತ್ತದೆ, ಆರರಿಂದ ಒಂಬತ್ತು ತಿಂಗಳಲ್ಲಿ ಇಳಿಯುತ್ತದೆ, ಮತ್ತೆ ಹಾಕಿಸಬೇಕು. ನರದೋಷದ ಮೂತ್ರಕೋಶಕ್ಕೆ ಇದನ್ನು ಅಮೆರಿಕ 2011ರಲ್ಲಿ ಒಪ್ಪಿತು. ಕರುಳು ಹೊಲಿದ ಮೂತ್ರಕೋಶದಲ್ಲಿ ಮಾತ್ರ ಅನುಭವ ಇನ್ನೂ ಕಡಿಮೆ. ಎಲ್ಲರಿಗೂ ಫಲ ಸಿಗುವುದಿಲ್ಲ.

ಮುಖ್ಯ ಎಚ್ಚರಿಕೆ ಇದು: ಚುಚ್ಚುಮದ್ದಿನ ನಂತರ ಮೂತ್ರ ಕಟ್ಟಿಕೊಳ್ಳಬಹುದು. ದಿನಕ್ಕೆ ಹಲವು ಸಲ ತಾವೇ ನಳಿಕೆ ಹಾಕಿ ಮೂತ್ರ ತೆಗೆಯುವವರಿಗೆ ಇದು ಹೊಸದಲ್ಲ. ಉಳಿದವರು ಮೊದಲೇ ಕಲಿತಿರಬೇಕು. ಏಕೆಂದರೆ ಹೊಲಿದ ಮೂತ್ರಕೋಶ ಅತಿಯಾಗಿ ತುಂಬಿದರೆ ಒಡೆಯಬಹುದು. ಹೊಟ್ಟೆನೋವು, ಉಬ್ಬರ, ಜ್ವರ ಬಂದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಓಡಿ. 'ಕರುಳು ಹೊಲಿದಿದೆ' ಎಂದು ಮೊದಲೇ ತಿಳಿಸಿ. ಮೂತ್ರದ ಸೋಂಕಿದ್ದರೆ ಅದು ವಾಸಿಯಾದ ಮೇಲೆಯೇ ಚುಚ್ಚುಮದ್ದು.

ನಮ್ಮೂರಲ್ಲಿ ಏಮ್ಸ್, ಸಫ್ದರ್‌ಜಂಗ್ ಆಸ್ಪತ್ರೆಗಳಲ್ಲಿ ಯುರಾಲಜಿ ವಿಭಾಗವಿದೆ. ಬೆನ್ನುಹುರಿ ಪೆಟ್ಟಾದವರಿಗೆಂದೇ ವಸಂತ್ ಕುಂಜ್‌ನಲ್ಲಿ ಇಂಡಿಯನ್ ಸ್ಪೈನಲ್ ಇಂಜುರೀಸ್ ಸೆಂಟರ್ ಇದೆ. 1965ರಲ್ಲಿ ಎವರೆಸ್ಟ್ ಏರಿ, ಅದೇ ವರ್ಷದ ಯುದ್ಧದಲ್ಲಿ ಗುಂಡು ತಗುಲಿ ಗಾಲಿಕುರ್ಚಿ ಹಿಡಿದ ಮೇಜರ್ ಅಹ್ಲುವಾಲಿಯಾ ಕಟ್ಟಿದ ಸಂಸ್ಥೆ ಅದು.

ಹೋಗುವಾಗ ಹಳೆಯ ಆಪರೇಷನ್ ಕಾಗದ ಒಯ್ಯಿರಿ. ಎಷ್ಟು ಹೊತ್ತಿಗೆ, ಎಷ್ಟು ಸಲ ಸೋರಿತು ಎಂದು ಮೂರು ದಿನ ಬರೆದಿಡಿ. ನಾಲಿಗೆ ತಡವರಿಸಿದರೂ ಚೀಟಿ ಮಾತಾಡುತ್ತದೆ!

ಮತ್ತೆ ಸಿಗೋಣ, ಅಲ್ಲಿಯವರೆಗೆ ಆರೋಗ್ಯವಾಗಿರಿ.