ಮುಪ್ಪಿನ ಕಣ್ಣಿಗೆ ಜೊತೆಯಾಗುವ ಕೈ

“ವಯಸ್ಸಾಯಿತು, ಕಣ್ಣು ಮಂಜಾಗುವುದು ಸಹಜ” ಎಂಬ ಮಾತು ನಮ್ಮ ಮನೆಗಳಲ್ಲಿ ಹೊಸತಲ್ಲ. ಹಿರಿಯರು ಹಾಗೆಂದು ಸಮಾಧಾನ ತಂದುಕೊಳ್ಳುತ್ತಾರೆ; ಕಿರಿಯರು ಹಾಗೆಂದು ಸುಮ್ಮನಾಗುತ್ತಾರೆ. ನಾವೂ ಇದಕ್ಕೆ ಹೊರತಾಗಿರಲಿಲ್ಲ. ಅರವತ್ತು ದಾಟಿದ ಮೇಲೆ ಹಸ್ತಪ್ರತಿಗಳ ಅಕ್ಷರಗಳು ಒಂದರೊಳಗೊಂದು ಕೂಡಿಕೊಂಡಂತೆ ಕಾಣತೊಡಗಿದಾಗ, ಬೆಳಕು ಸಾಲದೆಂದು ಕೋಣೆಗೆ ದೊಡ್ಡ ದೀಪ ಹಾಕಿಸಿದೆವೇ ಹೊರತು ವೈದ್ಯರಲ್ಲಿಗೆ ಹೋಗಲಿಲ್ಲ. ಮೆಟ್ಟಿಲು ತಪ್ಪಿ ಬಿದ್ದ ದಿನ ಕಣ್ಣಿಗೆ ಪೊರೆ ಬಂದಿರುವುದು ತಿಳಿಯಿತು. ಹೋಗಲು ವಾಹನವಿತ್ತು, ಜೊತೆಗೆ ಶಿಷ್ಯರಿದ್ದರು. ಕೆಲವೇ ವಾರಗಳಲ್ಲಿ ಮತ್ತೆ ಓದಲು ಕುಳಿತೆವು.

ಅದೇ ವರ್ಷ ಉಪನ್ಯಾಸಕ್ಕೆಂದು ಹಳ್ಳಿಯೊಂದಕ್ಕೆ ಹೋಗಿದ್ದಾಗ, ಪೊರೆಯಿಂದ ಎರಡೂ ಕಣ್ಣು ಕಾಣದಾಗಿದ್ದ ವೃದ್ಧ ತಾಯಿಯೊಬ್ಬರನ್ನು ಕಂಡೆವು. ಗೋಡೆ ಸವರುತ್ತ ಪಡಸಾಲೆಗೆ ಬಂದ ಅವರಿಗೆ ಉಚಿತ ಶಸ್ತ್ರಚಿಕಿತ್ಸೆಯ ವಿಷಯ ತಿಳಿಯದೆ ಇರಲಿಲ್ಲ. “ಮಗಾ ಕೂಲಿ ಬಿಟ್ಟು ಬರಬೇಕ್ರಿ, ಸೊಸಿ ಹೊಲದಾಗ ಅದಾಳ. ಸುಗ್ಗಿ ಮುಗೀಲಿ, ಆಮ್ಯಾಲ ನೋಡೋಣಂತ” ಎಂದರು. ಆ ಮಾತು ಹೇಳತೊಡಗಿ ಎರಡು ಸುಗ್ಗಿ ಕಳೆದಿದ್ದವು. ನಮಗೂ ಅವರಿಗೂ ಬಂದ ರೋಗ ಒಂದೇ. ನಮಗೆ ಜೊತೆಗಾರರಿದ್ದರು, ಅವರಿಗಿರಲಿಲ್ಲ, ವ್ಯತ್ಯಾಸ ಇಷ್ಟೇ.

ಈ ಕೊರತೆಯನ್ನು ಬಹಳ ಹಿಂದೆಯೇ ಮನಗಂಡವರು ನಮ್ಮ ನಾಡಿನ ಡಾ. ಎಂ. ಸಿ. ಮೋದಿಯವರು. 1916ರಲ್ಲಿ ಬೀಳಗಿಯಲ್ಲಿ ಜನಿಸಿದ ಅವರು ಊರೂರುಗಳಿಗೆ ಸಂಚಾರಿ ಚಿಕಿತ್ಸಾಲಯವನ್ನು ಕೊಂಡೊಯ್ದು ಶಿಬಿರಗಳನ್ನು ನಡೆಸಿ, ಲಕ್ಷಾಂತರ ಜನರಿಗೆ ದೃಷ್ಟಿ ಮರಳಿಸಿದರು. ರೋಗಿಯು ಆಸ್ಪತ್ರೆಗೆ ಬರಲಾರದಿದ್ದರೆ ಆಸ್ಪತ್ರೆಯೇ ರೋಗಿಯಲ್ಲಿಗೆ ಹೋಗಬೇಕೆಂಬುದು ಅವರ ದಾರಿಯಾಗಿತ್ತು. 2005ರಲ್ಲಿ ಅವರು ನಮ್ಮನ್ನಗಲಿದರು.

ಆ ಕಾಲದಲ್ಲಿ ಪೊರೆ ತೆಗೆಸಿಕೊಂಡವರು ಸೋಡಾಬುಡ್ಡಿಯಂತಹ ದಪ್ಪ ಕನ್ನಡಕ ಧರಿಸಬೇಕಾಗಿತ್ತು. ಈಗ ಕಣ್ಣಿನೊಳಗೇ ಕೃತಕ ಮಸೂರವನ್ನು ಕೂಡಿಸುತ್ತಾರೆ. ಮೊದಲು ಹೊರದೇಶದಿಂದ ಬರುತ್ತಿದ್ದ ಆ ಮಸೂರ ಬಡವರ ಕೈಗೆ ಎಟುಕುತ್ತಿರಲಿಲ್ಲ. ಡಾ. ಜಿ. ವೆಂಕಟಸ್ವಾಮಿಯವರು 1976ರಲ್ಲಿ ಮಧುರೆಯಲ್ಲಿ 11 ಹಾಸಿಗೆಗಳಿಂದ ಆರಂಭಿಸಿದ ಅರವಿಂದ ಕಣ್ಣಿನ ಆಸ್ಪತ್ರೆಯ ಬಳಗವು 1992ರಲ್ಲಿ ಆರೋಲ್ಯಾಬ್ ಎಂಬ ಘಟಕವನ್ನು ತೆರೆದು, ಮಸೂರವನ್ನು ಇಲ್ಲಿಯೇ ತಯಾರಿಸಿ ಅಗ್ಗದ ಬೆಲೆಗೆ ಒದಗಿಸಿತು. ಹಣವುಳ್ಳವರು ಕೊಡುವ ಶುಲ್ಕದಿಂದಲೇ ಬಡವರ ಚಿಕಿತ್ಸೆಯೂ ನಡೆಯುವ ವ್ಯವಸ್ಥೆ ಅಲ್ಲಿಯದು.

ಆದರೆ ಆ ಆಸ್ಪತ್ರೆಯವರು ಕಲಿತ ಇನ್ನೊಂದು ಪಾಠ ನಮ್ಮ ಮನೆಗಳಿಗೆ ಹೆಚ್ಚು ಸಲ್ಲುತ್ತದೆ. ಚಿಕಿತ್ಸೆ ಉಚಿತವೆಂದು ಸಾರಿದರೂ ಬರಬೇಕಾದವರಲ್ಲಿ ಹಲವರು ಬರಲಿಲ್ಲ. ಬಸ್ಸಿನ ಖರ್ಚು, ಊಟ, ಜೊತೆಗಾರನ ಕೂಲಿ, ಮನಸ್ಸಿನ ಅಂಜಿಕೆ ಇವೆಲ್ಲ ಅಡ್ಡವಾಗಿದ್ದವು. ಶಿಬಿರದಿಂದ ವಾಹನದಲ್ಲಿ ಕರೆದೊಯ್ದು, ಊಟ ವಸತಿ ನೀಡಿ, ಮರಳಿ ಊರಿಗೆ ಬಿಡುವ ಏರ್ಪಾಡು ಮಾಡಿದ ಮೇಲೆ ಜನ ಬರತೊಡಗಿದರು. ಸೋಂಕಿನ ಭಯದಿಂದ ಈಗ ಶಿಬಿರಗಳಲ್ಲಿ ಸಾಮಾನ್ಯವಾಗಿ ತಪಾಸಣೆ ಮಾತ್ರ ನಡೆಯುತ್ತದೆ. ಶಸ್ತ್ರಚಿಕಿತ್ಸೆ ಆಸ್ಪತ್ರೆಯಲ್ಲಿಯೇ ಆಗಬೇಕು. ಆದ್ದರಿಂದ ಹಳ್ಳಿಗೂ ಆಸ್ಪತ್ರೆಗೂ ನಡುವಣ ದಾರಿಯೇ ಇಂದಿನ ದೊಡ್ಡ ತೊಡಕು.

ಈ ದಾರಿಯನ್ನು ಕಡಿಮೆ ಮಾಡುವುದು ಕುಟುಂಬದ ಕೆಲಸ. ಪೊರೆಗೆ ಶಸ್ತ್ರಚಿಕಿತ್ಸೆಯೊಂದೇ ಮದ್ದು. ಹನಿ ಔಷಧಿಯಿಂದ ಅದು ಕರಗದು, ಸೊಪ್ಪಿನ ರಸ ಹಿಂಡುವುದರಿಂದ ಕಣ್ಣಿಗೆ ಕೇಡಾದೀತು. ಪೊರೆ ಬಲಿಯಲಿ ಎಂದು ಕಾಯುವ ಹಳೆಯ ರೂಢಿ ಈಗ ಬೇಕಿಲ್ಲ. ಅತಿಯಾಗಿ ಬಲಿತರೆ ಕಣ್ಣಿನ ಒತ್ತಡವೇರಿ ದೃಷ್ಟಿಗೇ ಸಂಚಕಾರ ಬರಬಹುದು. ಚಳಿಗಾಲವನ್ನೇ ನೋಡಬೇಕಾಗಿಯೂ ಇಲ್ಲ. ಆದರೆ ಮಂಜಾದುದೆಲ್ಲ ಪೊರೆಯಲ್ಲ. ಗ್ಲಾಕೋಮಾದಲ್ಲಿ ಹೆಚ್ಚಾಗಿ ನೋವಿಲ್ಲದೆಯೇ ದೃಷ್ಟಿ ಕುಂದುತ್ತದೆ, ಕುಂದಿದ್ದು ಮರಳದು. ಸಕ್ಕರೆ ಕಾಯಿಲೆಯುಳ್ಳವರು ಕಣ್ಣು ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ಅಕ್ಷಿಪಟಲವನ್ನು ಪರೀಕ್ಷಿಸಿಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಪೊರೆಯ ಚಿಕಿತ್ಸೆ ಉಚಿತವಾಗಿ ದೊರೆಯುತ್ತದೆ; ಎಲ್ಲಿ, ಯಾವ ದಿನ ಎಂಬುದನ್ನು ಊರಿನ ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಬಹುದು.

ಓದುಗ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೇ. ನಿಮ್ಮ ಮನೆಯ ಹಿರಿಯರ ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಗೋಡೆಯ ಕ್ಯಾಲೆಂಡರಿನ ಅಂಕಿ ಓದಿಸಿರಿ. ಬಳಿಕ ಮತ್ತೊಂದು ಕಣ್ಣಿನದೂ ನೋಡಿರಿ. ತೊಡಕು ಕಂಡರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ತಾಯಂದಿರನ್ನು ಮೊದಲು ನೋಡಿರಿ, ಅವರು ತಾವಾಗಿ ಹೇಳುವವರಲ್ಲ. ನೆರೆಮನೆಯಲ್ಲಿ ಕರೆದೊಯ್ಯುವವರಿಲ್ಲದ ಹಿರಿಯರಿದ್ದರೆ, ಹಣ ಕೊಡಲಾಗದಿದ್ದರೂ ಒಂದು ದಿನ ಕೊಡಿರಿ.

ಆ ತಾಯಿಯನ್ನು ಕೊನೆಗೆ ಪಕ್ಕದ ಮನೆಯ ಯುವಕನೊಬ್ಬ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದ. ಪಟ್ಟಿ ಬಿಚ್ಚಿದ ಮೇಲೆ ಅವರು ಮೊದಲು ಕೇಳಿದ್ದು ಮೊಮ್ಮಗಳ ಮುಖವನ್ನು. ಹುಟ್ಟಿದ ಮೇಲೆ ಆ ಮಗುವನ್ನು ಅವರು ಕಂಡೇ ಇರಲಿಲ್ಲ.