ಆಪರೇಷನ್‌ಗೆ ಮುನ್ನ ಮೆಗ್ನೀಸಿಯಂ ರಿಪೋರ್ಟ್ ನಾರ್ಮಲ್ ಬಂದರೆ ಕೊರತೆ ಇಲ್ಲವೆಂದೇ?

ಚುಟುಕಾಗಿ ಹೇಳುವುದಾದರೆ: ಹಾಗೆ ಖಚಿತವಾಗಿ ಹೇಳಲಾಗದು. ಹಾಗೆಂದು ಫಾರ್ವರ್ಡ್ ನೋಡಿ ಮೆಗ್ನೀಸಿಯಂ ಮಾತ್ರೆ ನುಂಗುವುದೂ ಸರಿಯಲ್ಲ.

ಯಾಕೆ ಹೀಗೆ?

ವಯಸ್ಕರ ದೇಹದಲ್ಲಿ ಸುಮಾರು 25 ಗ್ರಾಂ ಮೆಗ್ನೀಸಿಯಂ ಇರುತ್ತದೆ. ಅರ್ಧಕ್ಕಿಂತ ಹೆಚ್ಚು ಮೂಳೆಯಲ್ಲಿ, ಉಳಿದದ್ದರಲ್ಲಿ ಬಹುಪಾಲು ಸ್ನಾಯು ಮತ್ತಿತರ ಜೀವಕೋಶಗಳೊಳಗೆ. ರಕ್ತದಲ್ಲಿರುವುದು ಶೇ. 1ಕ್ಕಿಂತ ಕಡಿಮೆ. ಲ್ಯಾಬ್ ಅಳೆಯುವುದು ಈ ಸಣ್ಣ ಪಾಲನ್ನು ಮಾತ್ರ. ರಕ್ತದ ಮಟ್ಟ ಇಳಿಯತೊಡಗಿದರೆ ಮೂತ್ರಪಿಂಡಗಳು ಮೆಗ್ನೀಸಿಯಂ ಹೊರಹೋಗದಂತೆ ತಡೆಯುತ್ತವೆ, ಮೂಳೆಯಿಂದಲೂ ಸ್ವಲ್ಪ ಬರುತ್ತದೆ. ಜೇಬಿನಲ್ಲಿ ಹಣವಿದ್ದರೂ ಬ್ಯಾಂಕ್ ಖಾತೆ ಬರಿದಾಗಿರಬಹುದು, ಹಾಗೆ.

ಆಪರೇಷನ್ ವೇಳೆ ಲೆಕ್ಕ ಇನ್ನೂ ಕಷ್ಟ

ಡ್ರಿಪ್ ಏರಿಸಿದಾಗ ರಕ್ತ ತೆಳುವಾಗಿ ಅಂಕಿ ಇಳಿಯುತ್ತದೆ. ರಕ್ತದ ಮೆಗ್ನೀಸಿಯಂನಲ್ಲಿ ಒಂದು ಭಾಗ ಅಲ್ಬುಮಿನ್ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಅಲ್ಬುಮಿನ್ ಕುಸಿದರೆ ಒಟ್ಟು ಅಂಕಿಯೂ ಇಳಿಯುತ್ತದೆ. ಸ್ಯಾಂಪಲ್‌ನಲ್ಲಿ ಕೆಂಪು ರಕ್ತಕಣ ಒಡೆದರೆ ಅಂಕಿ ಸುಳ್ಳಾಗಿ ಏರುತ್ತದೆ. ಬಹಳ ರಕ್ತ ಕೊಡಬೇಕಾದಾಗ, ಅದರಲ್ಲಿರುವ ಸಿಟ್ರೇಟ್ ಮೆಗ್ನೀಸಿಯಂ ಅನ್ನು ಕಟ್ಟಿಹಾಕುತ್ತದೆ.

ಹೆಚ್ಚು ನಿಖರವಾದ ದಾರಿಯೂ ಇದೆ: ಮೆಗ್ನೀಸಿಯಂ ಅನ್ನು ರಕ್ತನಾಳಕ್ಕೆ ಕೊಟ್ಟು, 24 ಗಂಟೆಯ ಮೂತ್ರ ಸಂಗ್ರಹಿಸಿ, ಎಷ್ಟು ಹೊರಬಂತೆಂದು ಅಳೆಯುವುದು. ದೇಹ ಹೆಚ್ಚು ಉಳಿಸಿಕೊಂಡರೆ ಕೊರತೆ ಇರುವ ಸಾಧ್ಯತೆ. ಆದರೆ ಇದಕ್ಕೆ ಒಂದು ದಿನ ಬೇಕು, ಮೂತ್ರಪಿಂಡವೂ ಸರಿಯಿರಬೇಕು. ತುರ್ತು ಆಪರೇಷನ್‌ಗೆ ಇದು ಒದಗದು.

ಕೊರತೆಯಿಂದ ತೊಂದರೆಯೇನು?

ಹೃದಯಬಡಿತದ ಲಯ ತಪ್ಪಬಹುದು; ಹೃದಯ ಶಸ್ತ್ರಚಿಕಿತ್ಸೆಯ ನಂತರ ಇದು ದೊಡ್ಡ ಚಿಂತೆ. ಜೊತೆಗೆ ಪೊಟ್ಯಾಸಿಯಂ ಕಡಿಮೆಯಿದ್ದು, ಎಷ್ಟು ಕೊಟ್ಟರೂ ಏರದಿದ್ದರೆ ವೈದ್ಯರು ಮೆಗ್ನೀಸಿಯಂ ಕಡೆ ನೋಡುತ್ತಾರೆ.

ನೀವು ಮಾಡಬೇಕಾದ್ದು

ಒಂದೇ ಅಂಕಿಗಿಂತ ನಿಮ್ಮ ಪೂರ್ತಿ ವಿವರ ವೈದ್ಯರಿಗೆ ಹೆಚ್ಚು ನೆರವಾಗುತ್ತದೆ. ಇವನ್ನು ಮರೆಯದೆ ಹೇಳಿ:

- ಮೂತ್ರ ಹೆಚ್ಚಿಸುವ ಮಾತ್ರೆ, ಬಹುಕಾಲದಿಂದ ನುಂಗುತ್ತಿರುವ ಗ್ಯಾಸ್ಟ್ರಿಕ್ ಮಾತ್ರೆ
- ಸಕ್ಕರೆ ಕಾಯಿಲೆ, ಮದ್ಯಪಾನ, ತುಂಬ ದಿನಗಳ ಭೇದಿ
- ಈಗಾಗಲೇ ತೆಗೆದುಕೊಳ್ಳುತ್ತಿರುವ ಮೆಗ್ನೀಸಿಯಂ ಮಾತ್ರೆ

ಕೊನೆಯದನ್ನು ಅರಿವಳಿಕೆ ತಜ್ಞರಿಗೆ ಹೇಳಲೇಬೇಕು. ರಕ್ತದಲ್ಲಿ ಮೆಗ್ನೀಸಿಯಂ ಹೆಚ್ಚಾದರೆ, ಆಪರೇಷನ್‌ಗೆ ಸ್ನಾಯು ಸಡಿಲಿಸಲು ಕೊಡುವ ಔಷಧದ ಪರಿಣಾಮ ಬೇಗ ಇಳಿಯದೆ ಉಸಿರಾಟಕ್ಕೆ ತೊಂದರೆಯಾಗಬಹುದು. ಮೂತ್ರಪಿಂಡದ ಕಾಯಿಲೆ ಇರುವವರಲ್ಲಿ ಮೆಗ್ನೀಸಿಯಂ ದೇಹದಲ್ಲೇ ಶೇಖರವಾಗಿ ಅಪಾಯ ತರಬಲ್ಲದು.

‘ಆಪರೇಷನ್‌ಗೆ ಮುನ್ನ ಎಲ್ಲರೂ ಮೆಗ್ನೀಸಿಯಂ ತಗೊಳ್ಳಿ’ ಎಂಬ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ. ಕೊಡಬೇಕೇ, ಎಷ್ಟು ಕೊಡಬೇಕು ಎಂಬುದನ್ನು ನಿಮ್ಮನ್ನು ಪರೀಕ್ಷಿಸಿದ ವೈದ್ಯರು ತೀರ್ಮಾನಿಸಲಿ.